ಡಾಕ್ಟರು ನಿಮಗೆ ಹೇಳಿದ ಮಾತು

ಕರೋಶಿ
೧೪ ಜೂನ್ ೨೦೨೪

ಜ್ಞಾನದೇವ ಅವರಿಗೆ, ದ್ರೌಪದಿಯ ನಮಸ್ಕಾರ.

ಹೇಗಿದ್ದೀರಿ? ಕೊಲ್ಲಾಪುರದ ಖಾನಾವಳಿ ಊಟದಿಂದ ನಿಮಗೆ ಎದೆ ಉರಿ ಬರುತ್ತಿತ್ತು, ಈಗ ಕಡಿಮೆಯೇ? ಅತ್ತೆಯವರ ಮೊಣಕಾಲು ಹೇಗಿದೆ? ನಾನು ಅಣ್ಣನ ಮನೆಯಲ್ಲಿ ಆರಾಮವಾಗಿದ್ದೇನೆ. ವೈನಿ ಒಳ್ಳೆಯವಳು, ಉಣ್ಣುವಾಗ ಮುಖ ನೋಡುವುದಿಲ್ಲ.

ಕೆಲಸಕ್ಕೆ ಬೇಕಾಗುತ್ತದೆಂದು ಚಿಕ್ಕೋಡಿಯಲ್ಲಿ ಇಂಗ್ಲಿಷ್ ಕ್ಲಾಸಿಗೆ ಹೋಗುತ್ತಿದ್ದೇನೆ. ಕಲಿಸುವವರು ನಾಜಿಮಾ ಟೀಚರು. ಸೋಮವಾರ ಅವರು ಬೋರ್ಡಿನ ಮೇಲೆ ‘ಲೈ ಬಿಹೈಂಡ್’ ಎಂದು ಬರೆದಾಗ ನಾನು ಪೆನ್ನು ಕೆಳಗಿಟ್ಟೆ. ಮಕ್ಕಳಾಗಲಿಲ್ಲವೆಂದು ತೋರಿಸಲು ಹೋದಾಗ ಮಿರಜದ ದವಾಖಾನೆಯಲ್ಲಿ ಆ ಕೇರಳದ ಡಾಕ್ಟರು ನಿಮ್ಮ ಕಡೆ ನೋಡಿ ಆಡಿದ್ದು ಇದೇ ಮಾತು. ಬಸ್ಸಿನಲ್ಲಿ ನಾನು ಅರ್ಥ ಕೇಳಿದೆ. “ಲೈ ಅಂದ್ರ ಸುಳ್ಳ. ನೀ ಹಿಂದಿಂದೇನೋ ಮುಚ್ಚಿಟ್ಟು ಸುಳ್ಳ ಹೇಳಾಕತ್ತಿ ಅಂತಾನ ಡಾಕ್ಟರ,” ಎಂದಿರಿ. ಮನೆಯಲ್ಲಿ ಅತ್ತೆಯವರಿಗೂ ಅದನ್ನೇ ಹೇಳಿದಿರಿ. ಲಗ್ನಕ್ಕೆ ಮುಂಚೆ ನಾನು ಯಾರಿಗೆ ಬಸಿರಾಗಿ ತೆಗೆಸಿಕೊಂಡಿದ್ದೆ ಎಂದು ಅವರು ನೆರೆಯವರ ಮುಂದೆಯೇ ಕೇಳಿದರು. ನೀವು ಕೈತೊಳೆದು ಉಣ್ಣಲು ಕುಳಿತಿರಿ.

ಕ್ಲಾಸು ಬಿಟ್ಟ ಮೇಲೆ ನೆನಪಿದ್ದ ಮಾತನ್ನೆಲ್ಲ ಟೀಚರಿಗೆ ಒಪ್ಪಿಸಿದೆ: “ವಾಟ್ ಲೈಸ್ ಬಿಹೈಂಡ್ ದಿಸ್ ಈಸ್ ಯುವರ್ ಪ್ರಾಬ್ಲಮ್.”

“ಯಾರಿಗಿ ಹೇಳಿದ್ರವಾ ಇದನ್ನ?” ಎಂದರು.

“ನಮ್ಮ ಮನಿಯವರಿಗಿರಿ.”

“ಇಲ್ಲಿ ಲೈ ಅಂದ್ರ ಇರೂದು, ಸುಳ್ಳಲ್ಲ. ಇದಕ್ಕೆಲ್ಲ ಕಣ್ಣಿಗಿ ಕಾಣದ ಕಾರಣ ಐತಿ, ಅದು ನಿಮ್ಮ ತೊಂದ್ರಿ ಅಂತ ನಿನ್ನ ಗಂಡಗ ಹೇಳ್ಯಾರ. ನಿನಗಲ್ಲ.”

ನಿಮಗೂ ಇಂಗ್ಲಿಷ್ ತಿಳಿಯದೆ ಹೀಗಾಯಿತು ಎಂದುಕೊಳ್ಳಲು ಬಹಳ ಪ್ರಯತ್ನಪಟ್ಟೆ. ಆದರೆ ಆ ವಾರದಿಂದಲೇ ನೀವೊಬ್ಬರೇ ಮಿರಜಕ್ಕೆ ಹೋಗಿ ಗುಳಿಗೆ ತರತೊಡಗಿದಿರಿ. ಕೇಳಿದರೆ, “ತಾಕತ್ತಿಂದು” ಎನ್ನುತ್ತಿದ್ದಿರಿ. ಹಾಲು ಕಾಸಿ ಗುಳಿಗೆಯ ಜೊತೆ ಕೊಡುತ್ತಿದ್ದವಳು ನಾನೇ. ಅತ್ತೆಯವರು ನನ್ನನ್ನು ಬಂಜೆ ಎಂದು ಕರೆಯುವಾಗ ನೀವು ಆ ಹಾಲು ಕುಡಿಯುತ್ತಿದ್ದಿರಿ. ತೊಂದರೆ ನಿಮ್ಮದೆಂದು ನನಗೊಬ್ಬಳಿಗೆ ಹೇಳಿದ್ದರೆ ನಾನು ಯಾರಿಗೂ ಬಾಯಿ ಬಿಡುತ್ತಿರಲಿಲ್ಲ. ನಿಮ್ಮ ಜೊತೆಯೇ ಇರುತ್ತಿದ್ದೆ.

ನೀವು ವಕೀಲರಿಂದ ಕಳಿಸಿದ ವಿಚ್ಛೇದನದ ಸೋಡಚಿಠ್ಠಿಗೆ ಸಹಿ ಹಾಕುತ್ತೇನೆ. ‘ದೋಷ ಮುಚ್ಚಿಟ್ಟಳು’ ಎಂಬ ಸಾಲು ತೆಗೆಸಿ ಇನ್ನೊಮ್ಮೆ ಕಳಿಸಿರಿ.

ಅತ್ತೆಯವರಿಗೆ ನಮಸ್ಕಾರ ತಿಳಿಸಿರಿ. ಹೊತ್ತಿಗೆ ಸರಿಯಾಗಿ ಉಣ್ಣಿರಿ.

ದ್ರೌಪದಿ

ತಾ.ಕ.: ಮಂಗಸೂಳಿಯಲ್ಲಿ ಎರಡನೇ ಲಗ್ನಕ್ಕೆ ಹುಡುಗಿ ಗೊತ್ತು ಮಾಡಿದ್ದೀರೆಂದು ಅಣ್ಣ ಹೇಳಿದ. ನಿನ್ನೆ ಹೋಗಿ ಬಂದೆ. ಆ ಹುಡುಗಿ ರಾಜೇಶ್ವರಿ, ನಾನು ಯಾರೆಂದು ತಿಳಿದ ಮೇಲೂ ಕೂಡಿಸಿ ಚಹಾ ಕೊಟ್ಟಳು. ಡಾಕ್ಟರು ಹೇಳಿದ್ದನ್ನು ಅವಳಿಗೂ ಅವಳ ಅವ್ವನಿಗೂ ಕನ್ನಡದಲ್ಲಿ ಹೇಳಿದ್ದೇನೆ.