ಬಾನೆಟ್ ಮೇಲಿನ ಗೀರುಗಳು

೧೪ ಮಾರ್ಚ್, ಗುರುವಾರ

ಬಾನೆಟ್ ತುಂಬ ಸುರುಳಿ ಸುರುಳಿ ಗೀರು. ಇದು ಕಾರು ತೊಳೆಯುವವನದೇ ಕೆಲಸವೆಂದು ನಿನ್ನೆ ನಾಲ್ಕು ಜನರ ಮುಂದೆ ಅವನ ನೀರಿಳಿಸಿದ್ದೆ. ಇವತ್ತು ಪಾಲಿಶ್ ಮಾಡುವವನು ಟಾರ್ಚ್ ಬಿಟ್ಟು ನೋಡಿ, "ಇದು ತೊಳೆದು ಆಗಿದ್ದಲ್ಲ ಮೇಡಂ. ಯಾರೋ ದಿನಾ ಒಣಬಟ್ಟೇಲಿ ಧೂಳು ಒರೆಸ್ತಿದ್ದಾರೆ" ಎಂದ. ಇಬ್ಬರೂ ಒಂದೇ, ಶಾಮೀಲಾಗಿದ್ದಾರೆ ಎಂದುಕೊಂಡೆ. ಮನೆಗೆ ಬಂದು ಡಿಕ್ಕಿ ತೆಗೆದರೆ ಮೂಲೆಯಲ್ಲಿ ಮಾವನವರ ಹಳೇ ಬನಿಯನ್, ನೀಟಾಗಿ ಮಡಿಸಿದ್ದು. ಕೊಡವಿದರೆ ಮರಳು ಉದುರಿತು. ನಿವೃತ್ತರಾದ ಮೇಲೆ ಅವರು ಬೆಳಗಾಗುತ್ತಲೇ ಕೆಳಗಿಳಿಯುವುದು ವಾಕಿಂಗಿಗೆ ಎಂದೇ ನಂಬಿದ್ದೆ.

ಊಟಕ್ಕೆ ಕೂತಾಗ ಕೇಳಿಯೇಬಿಡೋಣವೆಂದು ಬಾಯಿ ತೆರೆದೆ. ಅವರೇ ಮೊದಲು ಅಂದರು: "ಆ ತೊಳೆಯೋನ್ನ ಬಿಡಿಸಿಬಿಡಮ್ಮ. ನಂಗೆ ಮೊದಲಿಂದ್ಲೂ ಅವನ ಮೇಲೆ ಅನುಮಾನ. ಇನ್ಮೇಲೆ ಕಾರು ಪೂರ್ತಿ ನಾನೇ ನೋಡ್ಕೋತೀನಿ."

ಹೂಂ ಎಂದುಬಿಟ್ಟೆ.