ನನ್ನ ಹೆಸರಿನ ಕಂಬದಡಿ ಮಲಗಿದವನಿಗೆ

ಗೆಳೆಯಾ ಕಿಸಾಬುರೋ,

ಹೇಗಿದ್ದೀಯ ಎಂದು ನಿನ್ನನ್ನು ಕೇಳುವಂತಿಲ್ಲ. ನಾನಂತೂ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಇನ್ನು ಆರು ದಿನಕ್ಕೆ ಹೊನೊಲುಲುವಿನಿಂದ ನಮ್ಮೂರ ಕಡೆಗೆ ಹಡಗು. ಅದರಲ್ಲಿ ನಿನಗೊಂದು ಜಾಗವಿದೆ. ನಿನಗೆ ಎಂದರೆ, ನಿನ್ನ ಹೆಸರು ಹೊತ್ತು ತಿರುಗುತ್ತಿರುವ ನನಗೆ.

ನೀನು ಸತ್ತ ದಿನ ಬೆಳಿಗ್ಗೆ ನಿನಗೆ ಬಿದ್ದದ್ದು ಗಾಣದ ಮನೆಯ ಕೆಲಸ, ಕುದಿಯುವ ಕೊಪ್ಪರಿಗೆಗಳ ಮುಂದೆ. ವಾರದಿಂದ ನಿನಗೆ ಕೆಮ್ಮು. ನನಗೋ ಹೊಲದಲ್ಲಿ ಕಬ್ಬಿನ ಒಣ ಎಲೆ, ರವದಿ, ಸುಲಿಯುವುದು. ನಮ್ಮ ಮೇಸ್ತ್ರಿ ಲೂನಾಗೆ ಯಾರ ಮುಖ ಗೊತ್ತಿತ್ತು ಹೇಳು? ಕೊರಳಿನ ಹಿತ್ತಾಳೆ ಬಿಲ್ಲೆಯ ಅಂಕಿ ನೋಡಿಯೇ ಅವನು ನಮ್ಮನ್ನು ಕೆಲಸಕ್ಕೆ ಅಟ್ಟುತ್ತಿದ್ದ. ನಾನೇ ಬಿಲ್ಲೆ ಬದಲಾಯಿಸಿದೆ. "ಒಂದಿನ ನಾನಾಗಿ ನೋಡೋ, ಆರಾಮಾಗಿರ್ತೀಯ" ಎಂದೆ. "ನಿನ್ನಷ್ಟು ಸೋಮಾರಿಯಾಗೋಕೆ ನನ್ನ ಕೈಲಾಗಲ್ಲಪ್ಪಾ" ಎಂದು ನೀನು ನಕ್ಕೆ, ಕೆಮ್ಮಿದೆ, ಹೋದೆ.

ಮಧ್ಯಾಹ್ನ ಹೊಲದಲ್ಲಿ ಕಬ್ಬಿನ ಗಾಡಿ ನಿನ್ನ ಮೇಲೆ ಮಗುಚಿತು. ಗುಮಾಸ್ತ ಬಿಲ್ಲೆ ನೋಡಿ, ಟೊರಾಜಿ ಸತ್ತ ಎಂದು ಬರೆದುಕೊಂಡ. ನಿನ್ನ ಗೋರಿಯ ಮರದ ಕಂಬದ ಮೇಲೂ ನನ್ನ ಹೆಸರೇ ಬಿತ್ತು. ನನ್ನ ಊರಿಗೂ ಹಾಗೆಯೇ ಸುದ್ದಿ ಹೋಯಿತು. ನಾನು ಬಾಯಿ ಬಿಡಲಿಲ್ಲ ಕಿಸಾಬುರೋ. ನಿನ್ನ ದುಡಿಮೆಯ ಕರಾರಿಗೆ ಉಳಿದದ್ದು ಮೂರೇ ತಿಂಗಳು, ನನ್ನದಕ್ಕೆ ಹದಿನೇಳು. ಕರಾರು ಮುರಿದು ಓಡಿದವರನ್ನು ಈ ರಾಜ್ಯದ ಪೊಲೀಸರು ಎಳೆದು ತರುವುದನ್ನು ಇಬ್ಬರೂ ನೋಡಿದ್ದೆವು. ಓಡದೆಯೇ ಪಾರಾಗುವ ದಾರಿ ನನಗೆ ಸಿಕ್ಕಿತ್ತು. ಗೊತ್ತಿದ್ದ ನಮ್ಮ ಕ್ಯಾಂಪಿನವರೂ ಸುಮ್ಮನಿದ್ದರು. ಅಡುಗೆಯ ಅಜ್ಜಿ ಒಶಿಗೆ ಮಾತ್ರ ನನಗೆ ಅನ್ನ ಬಡಿಸುವಾಗಲೆಲ್ಲ, "ತಗೋ, ಸತ್ತೋನೇ" ಎನ್ನುತ್ತಿದ್ದಳು.

ಇಂದು ಬೋನ್, ಸತ್ತವರು ಮನೆಗೆ ಬರುವ ದಿನ. ಅದೂ ನಿನ್ನ ಮೊದಲ ಬೋನ್. ನಮ್ಮೂರಿನಲ್ಲಿ ನನ್ನಮ್ಮ ಬಾಗಿಲಲ್ಲಿ ಬೆಂಕಿ ಹಚ್ಚಿ, ಬದುಕಿರುವ ನನ್ನನ್ನು ಕರೆಯುತ್ತಿರುತ್ತಾಳೆ. ನಿನ್ನಮ್ಮ ಮಗ ಹಡಗು ಹತ್ತುತ್ತಾನೆಂದು ಹಾಸಿಗೆ ಬಿಸಿಲಿಗೆ ಹಾಕುತ್ತಿರುತ್ತಾಳೆ.

ಬೆಳಿಗ್ಗೆ ನಿನ್ನ ಕಂಬದ ಮುಂದೆ ರವದಿಗೆ ಬೆಂಕಿ ಇಟ್ಟೆ. ಒಶಿಗೆ ಅಜ್ಜಿ ಅಕ್ಕಿಯುಂಡೆ ತಂದಿದ್ದಳು. "ಹೆಸರು ಹಿಡಿದು ಕರಿಯೋ" ಎಂದಳು. ಸುತ್ತ ಜನರಿದ್ದರು, ದೂರದಲ್ಲಿ ಲೂನಾನೂ ಇದ್ದ. ಕಂಬದ ಮೇಲಿದ್ದ ಹೆಸರನ್ನೇ ಕರೆದೆ, "ಟೊರಾಜಿ, ಬಾ" ಎಂದು. ಅಜ್ಜಿ ನನ್ನನ್ನು ದುರುಗುಟ್ಟಿ ನೋಡಿದಳು. "ಅವ್ನು ಇಲ್ಲೇ ನಿಂತವ್ನಲ್ಲೋ! ಆ ಕೆಮ್ಮೋ ಹುಡುಗ ಯಾರ ಮನೆಗೆ ಹೋಗ್ಬೇಕು ಹೇಳು? ಇಲ್ಲೂ ಕರೆಯೋರಿಲ್ಲ, ಅಲ್ಲೂ ಕರೆಯೋರಿಲ್ಲ."

ಕಬ್ಬು ಕಡಿಯುವ ಕತ್ತಿ ಸೊಂಟದಲ್ಲೇ ಇತ್ತು. ನನ್ನ ಹೆಸರನ್ನು ಹೆರೆದು ತೆಗೆದೆ. ನಿನ್ನದನ್ನು ಕೆತ್ತಿದೆ, ಅಕ್ಷರ ಸೊಟ್ಟಗಿವೆ, ಬೈಯಬೇಡ. ಲೂನಾ ನೋಡುತ್ತಲೇ ಇದ್ದ. ನಾನು ಕೂಗಿ ಕರೆದೆ, ಕಿಸಾಬುರೋ, ಕಿಸಾಬುರೋ ಎಂದು.

ನಿನ್ನಮ್ಮನಿಗೆ ನಾನೇ ಬರೆಯುತ್ತೇನೆ. ಹೇಗೆ ಬರೆಯಬೇಕೋ ತಿಳಿಯದು. ಈಗ ಈ ಕಾಗದವನ್ನು ನಿನ್ನ ಬೆಂಕಿಗೆ ಹಾಕಿ, ನಿನ್ನ ಬಿಲ್ಲೆ ಹಿಡಿದು, ನಿಜ ಹೇಳಲು ಗುಮಾಸ್ತನ ಬಳಿಗೆ ಹೊರಟಿದ್ದೇನೆ. ಜೈಲೋ, ಉಳಿದ ತಿಂಗಳುಗಳ ದುಡಿಮೆಯೋ, ಎರಡೂನೋ. ಆರನೆಯ ದಿನ ಹಡಗು ನಾನಿಲ್ಲದೆ ಹೋಗುತ್ತದೆ.

ಉಂಡೆ ತಿಂದು ಹೋಗು ಗೆಳೆಯಾ. ದಾರಿ ತಪ್ಪದೆ ನಿನ್ನಮ್ಮನ ಬಾಗಿಲು ಮುಟ್ಟು.

ಇನ್ನೂ ಸಾಯದ ನಿನ್ನ
ಟೊರಾಜಿ