ಅಮ್ಮನ ಕಿವಿಗೆ ಬೀಳದ ದನಿ

ಶುಕ್ರವಾರ, ಸಂಜೆ

ನನ್ನ ಮುದ್ದಿನ ಗುಡುಗಮ್ಮನಿಗೆ ಪೀಪಿ ಅಕ್ಕನ ಅಕ್ಕರೆಗಳು.

ಹೊಟ್ಟೆಕಿಚ್ಚಿನಿಂದಲೇ ಈ ಕಾಗದ ಬರೆಯುತ್ತಿದ್ದೇನೆ, ಮುಚ್ಚಿಟ್ಟು ಏನು ಪ್ರಯೋಜನ? ಅಮ್ಮ ಇರುವುದು ನನ್ನ ಮನೆಯಲ್ಲಿ. ಆದರೆ ನಾನು ಏನು ಕೇಳಿದರೂ ಹೂಂ ಎಂದು ಗೋಡೆ ನೋಡುತ್ತಾಳೆ. ಭಾನುವಾರ ನಿನ್ನ ಫೋನ್ ಬಂದರೆ ಸಾಕು, ಮಾತಿಗೆ ಮಾತು, ನಗುವಿಗೆ ನಗು. ಒಳಗೆ ಪಾತ್ರೆ ತೊಳೆಯುತ್ತಾ ನಾನು ಉರಿದುಹೋಗುತ್ತೇನೆ.

ಹೋದ ವಾರ ಒಲೆಯ ಮೇಲೆ ಕೆಟಲ್ ಸೀಟಿ ಹೊಡೆಯುತ್ತಲೇ ಇತ್ತು. ಪಕ್ಕದಲ್ಲೇ ಕೂತಿದ್ದ ಅಮ್ಮ ತಿರುಗಿಯೂ ನೋಡಲಿಲ್ಲ. ಊರವರ ಕಿವಿಯೆಲ್ಲ ಪರೀಕ್ಷೆ ಮಾಡ್ತೀಯ, ಮನೆಯವರ ಕಿವಿ ನೋಡೋಕೆ ಪುರುಸೊತ್ತಿಲ್ವಾ ಎಂದರು ನಿನ್ನ ಭಾವ. ಮರುದಿನವೇ ಅಮ್ಮನನ್ನು ಆಸ್ಪತ್ರೆಯ ನನ್ನ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದೆ. ದಪ್ಪ ಸದ್ದಿಗೆಲ್ಲ ಗುಂಡಿ ಒತ್ತಿದಳು. ಸದ್ದು ತೆಳ್ಳಗಾಗುತ್ತಾ ಹೋದಂತೆ ಬೆರಳು ಸುಮ್ಮನಾಯಿತು. ಹೈ ಫ್ರೀಕ್ವೆನ್ಸಿ ಕೇಳಿಸುತ್ತಿಲ್ಲ ಎಂದು ವರದಿ ಬರೆದೆ.

ಹೈ ಫ್ರೀಕ್ವೆನ್ಸಿ ಎಂದರೆ ಬಂದರಿನ ರೇಡಿಯೋ ಕೋಣೆಯಲ್ಲಿ ಕೂರುವ ನಿನಗೆ ನಡುಗಡಲಿನ ಹಡಗನ್ನೂ ಮುಟ್ಟುವ ಅಲೆ. ಬಸ್ ಡಿಪೋದ ನಿನ್ನ ಭಾವನಿಗೆ ಒಂದರ ಹಿಂದೊಂದು ಬರುವ ಬಸ್ಸು. ನನ್ನ ಕೋಣೆಯಲ್ಲಿ ಮಾತ್ರ ಅದು ವಯಸ್ಸಾದ ಕಿವಿಯಿಂದ ಮೊದಲು ಜಾರಿಹೋಗುವ ಕೀರಲು ಸದ್ದು. ಅಂದರೆ ಪೀಪಿಯಂಥ ನನ್ನ ದನಿ. ಗುಡುಗಿನಂಥ ನಿನ್ನ ದಪ್ಪ ದನಿಗೆ ಅಮ್ಮನ ಕಿವಿಯಲ್ಲಿ ಇನ್ನೂ ರಾಜಮರ್ಯಾದೆ. ಇದೂ ನಿನ್ನ ಪಾಲಿಗೇ ಬರಬೇಕಿತ್ತೇ?

ನಿನ್ನೆ ಅಮ್ಮನಿಗೆ ಶ್ರವಣಯಂತ್ರ ಹಾಕಿದೆ. ಹೊಂದಿಸಿದವಳೂ ನಾನೇ. ನನ್ನ ದನಿ ಬೀಳುವ ಕಡೆ ಬೇಕಾದ್ದಕ್ಕಿಂತ ಒಂದು ಚೂರು ಹೆಚ್ಚೇ ಏರಿಸಿದ್ದೇನೆ, ಬೈಯಬೇಡ. ಅಮ್ಮ ತಟ್ಟನೆ ನನ್ನತ್ತ ತಿರುಗಿ, ಯಾಕೆ ಅಷ್ಟು ಕೂಗ್ತೀಯ, ಕೇಳಿಸ್ತಿದೆ ಕಣೇ ಎಂದಳು. ನನಗೆ ಕಣ್ಣು ತುಂಬಿ ಬಂತು.

ಒಂದೇ ಒಂದು ಬೇಡಿಕೆ. ಈ ತಿಂಗಳು ಫೋನ್ ಮಾಡಬೇಡ. ನಿನ್ನ ಹಡಗುಗಳ ಜೊತೆ ಮಾತಾಡಿಕೊಂಡಿರು. ಅಮ್ಮ ಸ್ವಲ್ಪ ದಿನ ನನ್ನೊಬ್ಬಳ ಮಾತನ್ನೇ ಕೇಳಲಿ.

ನಿನ್ನ ಮೇಲೆ ಪ್ರೀತಿಯನ್ನೂ ಇಟ್ಟಿರುವ,
ಪೀಪಿ ಅಕ್ಕ

ತಾ.ಕ.: ಅಂಚೆಗೆ ಹಾಕಲು ಮನಸ್ಸಾಗದೆ ಕಾಗದ ಚೀಲದಲ್ಲೇ ಉಳಿಯಿತು. ಇವತ್ತು ಭಾನುವಾರ. ನಿನ್ನ ಫೋನ್ ಬಂದ ಕೂಡಲೇ ಅಮ್ಮ ಯಂತ್ರ ತೆಗೆದು ನನ್ನ ಕೈಗಿಟ್ಟಳು. ನನ್ನ ಮುಖ ಸಪ್ಪಗಾದದ್ದು ಕಂಡು, ಅವಳ ಮಾತಿಗೆ ಇದು ಬೇಡ, ಜೋಪಾನವಾಗಿ ಇಟ್ಟಿರು, ತಲೆ ಚಿಟ್ಟು ಹಿಡಿದ್ರೂ ನಿನ್ನ ಮಾತಿಗೋಸ್ಕರ ಹಾಕ್ಕೊಳ್ತಿದ್ದೀನಿ ಎಂದಳು. ನಾಳೆಯೇ ಏರಿಸಿದ್ದನ್ನು ಇಳಿಸುತ್ತೇನೆ. ನೀನು ಫೋನ್ ಮಾಡು. ಆದರೆ ಬೇಗ ಮುಗಿಸು.